ಕೊನೆಗೆ ಮುಚ್ಚಿದ ಕಿಟಕಿ

ಗೆಸೀನೆ ಮೇಲ್ಮುಖ ಬಾಣದ ಕೀಯನ್ನು ಒತ್ತುತ್ತಲೇ ಇದ್ದಳು. ಒಮ್ಮೆ ಒತ್ತಿದರೆ ಹಿಂದೆ ಬರೆದ ಒಂದು ಕಮಾಂಡ್ ಪರದೆಗೆ ಬರುತ್ತದೆ, ಮತ್ತೊಮ್ಮೆ ಒತ್ತಿದರೆ ಅದಕ್ಕೂ ಹಿಂದಿನದು. ಬಾವಿಯಿಂದ ಕೊಡ ಸೇದಿದ ಹಾಗೆ. ಇವತ್ತು ಎಷ್ಟು ಸೇದಿದರೂ ಒಂದೇ ನೀರು ಬರುತ್ತಿತ್ತು.

ನೀರಿನ ಮಟ್ಟ ತೋರಿಸುತ್ತಿರು. ನೀರಿನ ಮಟ್ಟ ತೋರಿಸುತ್ತಿರು. ನೀರಿನ ಮಟ್ಟ ತೋರಿಸುತ್ತಿರು.

ಅವಳಿಗೆ ಬೇಕಾಗಿದ್ದದ್ದು ಇದಲ್ಲ. ಬಂದರಿನ ಹೊರಗೋಡೆಯಲ್ಲಿರುವ ಮಾಪಕದ ಗಡಿಯಾರ ಕೆಟ್ಟಿತ್ತು. ಅದು ಕಳಿಸುವ ಅಂಕಿಗಳನ್ನೆಲ್ಲ ಹಿಂದಕ್ಕೆ ಸರಿಸಿ ಸರಿಯಾದ ಹೊತ್ತಿಗೆ ಕೂರಿಸಲು ಕಳೆದ ವಾರ ಅರ್ಧ ದಿನ ಕೂತು ಒಂದು ಉದ್ದನೆಯ ಕಮಾಂಡ್ ಕಟ್ಟಿದ್ದಳು. ಹೊಸ ಗಡಿಯಾರ ಬರುವವರೆಗೂ ಅದೇ ಬೇಕು. ಬರೆದದ್ದನ್ನೆಲ್ಲ ಯಂತ್ರ ತಾನೇ ಹಿಸ್ಟರಿಯಲ್ಲಿ ಇಟ್ಟುಕೊಳ್ಳುತ್ತದೆಂಬ ಧೈರ್ಯದಲ್ಲಿ ಅವಳು ಬೇರೆಲ್ಲೂ ಬರೆದಿಟ್ಟಿರಲಿಲ್ಲ.

ಇದು ಮೊದಲ ಸಲವಲ್ಲ. ಶರತ್ಕಾಲದಿಂದ ಈಚೆಗೆ ಪ್ರತಿ ಸೋಮವಾರವೂ ಹೀಗೇ. ಹಿಂದಿನ ವಾರ ಮಾಡಿದ ಕೆಲಸವನ್ನೆಲ್ಲ ಯಾರೋ ಪೊರಕೆ ಹಿಡಿದು ಗುಡಿಸಿದ ಹಾಗೆ. ಶರತ್ಕಾಲದಲ್ಲಿ ಈ ಕಚೇರಿಗೆ ಹೊಸದಾಗಿ ಎರಡು ಬಂದಿದ್ದವು. ಒಂದು, ನೆಲಮಾಳಿಗೆಯ ಹಳೆಯ ಸರ್ವರ್‌ನ ಜಾಗಕ್ಕೆ ಹೊಸ ಸರ್ವರ್. ಇನ್ನೊಂದು, ಎದುರು ಮೇಜಿಗೆ ಹೆರ್ ವೋಸ್. ಇಲ್ಲಿ ಗಂಡಸರಿಗೆ ಹೆರ್, ಹೆಂಗಸರಿಗೆ ಫ್ರಾವ್ ಎಂದು ಸೇರಿಸಿ ಮನೆತನದ ಹೆಸರಿನಿಂದಲೇ ಕರೆಯುವುದು ರೂಢಿ.

ಸರ್ವರ್‌ನ ಮೇಲೆ ಅನುಮಾನ ಪಡುವುದು ಅವಳಿಗೆ ತೋಚಲಿಲ್ಲ. ಇಬ್ಬರೂ ಒಂದೇ ಹೆಸರಿನಲ್ಲಿ ಲಾಗಿನ್ ಆಗುತ್ತಿದ್ದರು. ಇಬ್ಬರಿಗೂ ಒಂದೇ ಹಿಸ್ಟರಿ. ಅವಳು ಅಳಿಸಿರಲಿಲ್ಲ ಅಂದ ಮೇಲೆ ಉಳಿದವರು ಒಬ್ಬರೇ.

ಎದುರೆದುರು ಮೇಜು, ನಡುವೆ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಪರದೆಗಳು. ಅವಳ ಕಡೆಯಿಂದ ಕಾಣುತ್ತಿದ್ದದ್ದು ವೋಸ್ ಅವರ ಹಣೆ, ಅದರ ಮೇಲೆ ಯಾವತ್ತೂ ಮಾತು ಕೇಳದ ಒಂದು ಕೂದಲಿನ ಸುರುಳಿ. ಅಷ್ಟನ್ನು ಮಾತ್ರ ನೋಡಿ ನೋಡಿ, ಅವರು ಓದುತ್ತಿದ್ದಾರೋ, ಲೆಕ್ಕ ಮಾಡುತ್ತಿದ್ದಾರೋ, ಸುಮ್ಮನೆ ಕೂತಿದ್ದಾರೋ ಎಂದು ಹೇಳುವಷ್ಟು ಅವಳಿಗೆ ಗೊತ್ತಾಗಿಬಿಟ್ಟಿತ್ತು. ಗೊತ್ತಾಗಿದ್ದನ್ನು ಅವಳು ತನ್ನೊಳಗೂ ಒಪ್ಪಿಕೊಂಡಿರಲಿಲ್ಲ.

"ಹೆರ್ ವೋಸ್."

ಪರದೆಗಳ ಸಂದಿಯಲ್ಲಿ ಕನ್ನಡಕ ಕಾಣಿಸಿತು. "ಹೇಳಿ, ಫ್ರಾವ್ ಹಾರ್ಮ್ಸ್."

"ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ."

"ಹಾಗಂದ ಮೇಲೆ ಬೇಜಾರಾಗೋ ಮಾತೇ ಇರತ್ತೆ. ಕೇಳಿ."

"ಹಿಸ್ಟರಿ ಅಳಿಸ್ತಿರೋದು ನೀವಾ?"

ವೋಸ್ ಕನ್ನಡಕ ತೆಗೆದರು. ಕನ್ನಡಕವಿಲ್ಲದ ಅವರ ಕಣ್ಣುಗಳು ನಿದ್ದೆಯಿಂದ ಈಗಷ್ಟೇ ಎದ್ದು ಬಂದವರ ಕಣ್ಣುಗಳ ಹಾಗೆ ಕಾಣುತ್ತಿದ್ದವು.

"ನಾನಾ? ನೀವು ಅಳಿಸ್ತಿದ್ದೀರಿ ಅಂತ ನಾನು ಅಂದ್ಕೊಂಡಿದ್ದೆ."

"ನಾನು ಯಾಕೆ ಅಳಿಸ್ಲಿ?"

"ಶುಕ್ರವಾರ ಹೋಗೋ ಮುಂಚೆ ಮೇಜು ಒರೆಸ್ತೀರಿ. ಕಪ್ಪು ತೊಳೆದು ಬೋರಲು ಹಾಕ್ತೀರಿ. ಪೆನ್ನುಗಳನ್ನೆಲ್ಲ ಒಂದೇ ದಿಕ್ಕಿಗೆ ಮಲಗಿಸ್ತೀರಿ. ಇದೂ ಅದರ ಜೊತೆಗೆ ಅಂತ..."

"ಅಂದ್ರೆ ನಿಮ್ಮದೂ ಹೋಗ್ತಿತ್ತಾ? ಇಷ್ಟು ದಿನವೂ?"

"ಪ್ರತಿ ಸೋಮವಾರ."

"ಒಂದು ಮಾತು ಕೇಳಬಾರ್ದಿತ್ತಾ?"

"ಹೊಸಬ ನಾನು." ಅವರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. "ಮನೆ ಯಜಮಾನಿಗೆ ಚೊಕ್ಕಟ ಬೇಕು ಅಂದ್ರೆ, ಬಾಡಿಗೆಗೆ ಬಂದವನು ಚಪ್ಪಲಿ ಹೊರಗೆ ಬಿಡಬೇಕು, ಅಷ್ಟೇ. ವಾರವಾರ ಮತ್ತೆ ಬರ್ಕೊಳ್ತಿದ್ದೆ."

ಅವಳಿಗೆ ನಗು ಬಂತು. ನಗಲಿಲ್ಲ, ತುಟಿಯ ಒಂದು ಕೊನೆ ಮಾತ್ರ ಎದ್ದು ಕೂತಿತು. ಅದನ್ನು ಅವರು ನೋಡಿದರು, ನೋಡಲಿಲ್ಲವೆಂಬಂತೆ ಪರದೆಯ ಕಡೆ ತಿರುಗಿದರು.

ಬಾಗಿಲಲ್ಲಿ ರೋಸ್ವಿತಾ ಟಪಾಲು ಹಿಡಿದು ನಿಂತಿದ್ದಳು. ಫೋನು, ಟಪಾಲು, ಇಡೀ ಜಲಮಟ್ಟ ಕಚೇರಿಯ ಸುದ್ದಿ, ಮೂರೂ ಅವಳ ಇಲಾಖೆ. ವೋಸ್ ಬಂದ ಮೊದಲ ವಾರದಲ್ಲೇ ಅವಳು ಅವರನ್ನು "ನೀನು" ಮಾಡಿಕೊಂಡಿದ್ದಳು.

"ಇನ್ನೂ 'ನೀವು' 'ನೀವು' ಅಂತಾನೇ ಇದ್ದೀರಾ ಇಬ್ಬರೂ?" ಅವಳು ಲಕೋಟೆಗಳನ್ನು ಗೆಸೀನೆಯ ಮೇಜಿನ ಮೇಲೆ ಕುಕ್ಕಿ ವೋಸ್ ಕಡೆ ತಿರುಗಿದಳು. "ಹೆನಿಂಗ್, ಅರ್ಜಿ ಹಾಕಿದ್ಯೇನಪ್ಪ?"

"ಇಲ್ಲ."

"ಶುಕ್ರವಾರ ಮಧ್ಯಾಹ್ನಕ್ಕೆ ಕೊನೆ."

"ಗೊತ್ತು."

"ಗೊತ್ತಿದ್ದೂ ಕೂತಿದ್ದೀಯಲ್ಲ, ನಿನ್ನಂಥವನಿಗೆ ಏನು ಹೇಳೋದು!" ಎಂದು ರೋಸ್ವಿತಾ ಗೆಸೀನೆಯ ಮುಖ ನೋಡಿದಳು. ಗೆಸೀನೆ ಲಕೋಟೆಯೊಂದನ್ನು ಬಹಳ ಎಚ್ಚರಿಕೆಯಿಂದ ಒಡೆಯುತ್ತಿದ್ದಳು.

ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ವೋಸ್ ಬಂದಿದ್ದು ವರ್ಷದ ಕೊನೆಯವರೆಗೆ ಮಾತ್ರ, ಕುಕ್ಸ್‌ಹಾಫನ್ ಎಂಬ ಊರಿನಿಂದ, ಖಾಲಿ ಬಿದ್ದ ಜಾಗವನ್ನು ತಾತ್ಕಾಲಿಕವಾಗಿ ತುಂಬಲು. ಈಗ ಆ ಜಾಗ ಕಾಯಂ ಆಗಿತ್ತು. ಅರ್ಜಿ ಹಾಕಿದರೆ ಅವರಿಗೇ ಸಿಗುತ್ತದೆ. ಹಾಕದಿದ್ದರೆ ಮರಳಿ ಕುಕ್ಸ್‌ಹಾಫನ್. ಅವರು ಯಾತಕ್ಕಾಗಿ ಕಾಯುತ್ತಿದ್ದಾರೆಂಬುದೂ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದವಳು ಗೆಸೀನೆಯೊಬ್ಬಳೇ.

ಇಲ್ಲಿ "ನೀನು" ಎಂಬುದನ್ನು ಯಾರು ಬೇಕಾದರೂ ಕೊಡುವ ಹಾಗಿಲ್ಲ. ವಯಸ್ಸಿನಲ್ಲಿ ದೊಡ್ಡವರು ಚಿಕ್ಕವರಿಗೆ ಕೊಡಬೇಕು, ಹೆಂಗಸು ಗಂಡಸಿಗೆ ಕೊಡಬೇಕು, ಹಳಬರು ಹೊಸಬರಿಗೆ ಕೊಡಬೇಕು. ಗೆಸೀನೆಗೆ ಐವತ್ತು ದಾಟಿತ್ತು, ವೋಸ್ ಇನ್ನೂ ಈಚೆಗಿದ್ದರು. ಮೂರು ಲೆಕ್ಕದಲ್ಲೂ ಬಾಗಿಲ ಚಿಲಕ ಅವಳ ಕಡೆಗೇ ಇತ್ತು. ಆಚೆ ನಿಂತವರು ಬಾಗಿಲು ತಟ್ಟುವಂತೆಯೂ ಇರಲಿಲ್ಲ. ಒಮ್ಮೆ ಕೊಟ್ಟರೆ ವಾಪಸು ತೆಗೆದುಕೊಳ್ಳುವಂತೆಯೂ ಇಲ್ಲ.

ಕಾಫಿ ಮುಗಿದ ಮೇಲೆ ವೋಸ್ ತಮ್ಮ ಕುರ್ಚಿಯನ್ನು ಉರುಳಿಸಿಕೊಂಡು ಅವಳ ಮೇಜಿನ ಬದಿಗೆ ಬಂದರು. ಅಪರಾಧಿಯನ್ನು ಹುಡುಕೋಣ, ಇಬ್ಬರ ಮೇಲೂ ಆಪಾದನೆ ಇದೆ ಎಂದರು.

ಮೊದಲು ಡಿಸ್ಕ್ ತುಂಬಿದೆಯೇ ನೋಡಿದರು. ತುಂಬಿರಲಿಲ್ಲ. ಹಿಸ್ಟರಿಯ ಫೈಲಿಗೆ ಬರೆಯಲು ಅನುಮತಿ ಇದೆಯೇ ನೋಡಿದರು. ಇತ್ತು. ಇಷ್ಟೇ ಸಾಲು ಇಟ್ಟುಕೋ ಎಂದು ಯಾರಾದರೂ ಮಿತಿ ಹಾಕಿದ್ದಾರೆಯೇ ನೋಡಿದರು. ಮಿತಿಯಿತ್ತು, ಆದರೆ ಇಬ್ಬರೂ ಸೇರಿ ಒಂದು ತಿಂಗಳು ಬರೆದರೂ ಮುಗಿಯದಷ್ಟು ದೊಡ್ಡದು. ಅವರ ಸ್ವೆಟರಿನಿಂದ ಒದ್ದೆ ಉಣ್ಣೆಯ ವಾಸನೆ ಬರುತ್ತಿತ್ತು; ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದಿದ್ದರು. ಗಂಡಸೊಬ್ಬನ ಮೊಣಕೈ ತನ್ನ ಮೊಣಕೈಗೆ ಇಷ್ಟು ಹತ್ತಿರ ಬಂದು ಎಷ್ಟು ಕಾಲವಾಯಿತೆಂದು ಅವಳು ಲೆಕ್ಕ ಹಾಕಲು ಹೋಗಲಿಲ್ಲ. ಮೊಣಕೈಯನ್ನು ತೆಗೆಯಲೂ ಇಲ್ಲ.

"ನೀವು ಒಂದೇ ಹೊತ್ತಿಗೆ ಎಷ್ಟು ಟರ್ಮಿನಲ್ ಕಿಟಕಿ ತೆರೆದಿಟ್ಕೊಳ್ತೀರಿ?"

"ಒಂದು ಲಾಗ್ ನೋಡೋಕೆ, ಒಂದು ಬರೆಯೋಕೆ, ಒಂದು ಅಂಕಿಗಳಿಗೆ... ಕೆಲಸ ಬಂದ ಹಾಗೆ ತೆರೀತೀನಿ, ಮುಗಿದ ಹಾಗೆ ಮುಚ್ತೀನಿ."

"ಹ್ಞೂಂ," ಎಂದರು ವೋಸ್. ಅವರ ಹಣೆಯಲ್ಲಿ ಏನೋ ಹೊಳೆದದ್ದು ಅವಳಿಗೆ ಕಂಡಿತು. "ಒಂದು ಪರೀಕ್ಷೆ ಮಾಡೋಣ. ಎರಡು ಕಿಟಕಿ ತೆರೆಯಿರಿ. ಒಂದು ನಿಮ್ಮದು, ಒಂದು ನನ್ನದು."

ಎರಡು ಕಪ್ಪು ಕಿಟಕಿಗಳು ಪರದೆಯ ಮೇಲೆ ಪಕ್ಕಪಕ್ಕ ಕೂತವು. ಅವಳು ತನ್ನದರಲ್ಲಿ "ಕಾಫಿ" ಎಂದು ಬರೆದು ಯಂತ್ರದಿಂದ ಹೇಳಿಸಿದಳು. ಅವರು ಕೈ ಚಾಚಿ ತಮ್ಮದರಲ್ಲಿ "ಹೆರಿಂಗ್ ಮೀನು" ಎಂದು ಹೇಳಿಸಿದರು.

"ಹಸಿವಾ?"

"ಬಂದರಿನಲ್ಲಿ ಮೀನು ಮಾರೋ ದೋಣಿಯಲ್ಲಿ ಇವತ್ತು ಒಳ್ಳೆ ಹೆರಿಂಗ್ ಬ್ರೆಡ್ ಇದೆ. ಬರುವಾಗ ನೋಡಿದೆ. ಮೊದಲು ನಿಮ್ಮ ಕಿಟಕಿ ಮುಚ್ಚಿ."

ಅವಳು ತನ್ನದನ್ನು ಮುಚ್ಚಿದಳು, ಆಮೇಲೆ ಅವರು ತಮ್ಮದನ್ನು. ಹೊಸದೊಂದು ಕಿಟಕಿ ತೆರೆದು ಬಾಣ ಒತ್ತಿದರೆ ಹೆರಿಂಗ್ ಮೀನು ಬಂತು. ಕಾಫಿ ಇರಲೇ ಇಲ್ಲ.

"ಕಾಕತಾಳೀಯ ಇರಬಹುದು," ಎಂದಳು ಅವಳು.

"ಇರಬಹುದು. ಈ ಸಲ ನಾನು ಮೊದಲು ಮುಚ್ತೀನಿ. ಬೇರೆ ಏನಾದ್ರೂ ಬರೀರಿ. ನನ್ನದನ್ನ ನೋಡಬಾರ್ದು."

"ಪರೀಕ್ಷೇಲಿ ಗುಟ್ಟು ಯಾಕೆ?"

"ಗುಟ್ಟಿಲ್ಲದಿದ್ರೆ ಅದೆಂಥ ಪರೀಕ್ಷೆ?"

ಅವಳು ಮುಖ ತಿರುಗಿಸಿದಳು. ಹಿಂದಿನಿಂದ ಕೀಗಳ ಸದ್ದು ಬಂತು. ಒಂದು ಪದಕ್ಕಿಂತ ಉದ್ದ, ನಡುವೆ ಒಮ್ಮೆ ನಿಂತು ಮತ್ತೆ ಹೊರಟಿತು. ಆಮೇಲೆ ಅವಳು ತನ್ನ ಕಿಟಕಿಯಲ್ಲಿ "ಹೆರ್ ವೋಸ್ ನಿರ್ದೋಷಿ" ಎಂದು ಬರೆದಳು. ಅವರು ಮುಚ್ಚಿದರು. ಅವಳು ಮುಚ್ಚಿದಳು. ಹೊಸ ಕಿಟಕಿ, ಬಾಣ.

ಹೆರ್ ವೋಸ್ ನಿರ್ದೋಷಿ.

ಅವರು ಬರೆದದ್ದರ ಗುರುತೂ ಇರಲಿಲ್ಲ.

"ನೋಡಿದ್ಯಾ!" ಗೆಸೀನೆ ಮೇಜು ಬಡಿದಳು. "ಕೊನೆಗೆ ಮುಚ್ಚಿದ್ದೇ ಉಳಿಯೋದು! ಪ್ರತಿ ಕಿಟಕಿಯೂ ತಾನು ತೆರೆದಾಗ ಏನಿತ್ತೋ ಅದನ್ನೇ ಹಿಡ್ಕೊಂಡಿರತ್ತೆ, ಮುಚ್ಚುವಾಗ ಅದನ್ನೇ ಮೇಲೆ ಬರೆದುಬಿಡತ್ತೆ. ಅದಕ್ಕೇ ನೀನು ಬರೆದಿದ್ದು..."

ಅಲ್ಲಿಗೆ ನಿಂತಿತು.

ಹೀಟರಿನ ಕೊಳವೆಯಲ್ಲಿ ನೀರು ಗುಳುಗುಳು ಎಂದಿತು. ವೋಸ್ ಪರದೆಯನ್ನೇ ನೋಡುತ್ತಿದ್ದರು. ಅವರ ಕಿವಿಯ ತುದಿ ಮಾತ್ರ ಕೆಂಪಾಗುತ್ತ, ಆ ಕೆಂಪು ಕೆಳಗಿಳಿದು ಕುತ್ತಿಗೆಯವರೆಗೂ ಬಂತು. ಕ್ಷಮಿಸಿ ಎಂದು ಹೇಳಬೇಕಿತ್ತು. ಹೇಳಿದರೆ, ಬಾಯಿಂದ ಬಿದ್ದದ್ದು ತಪ್ಪು ಎಂದು ಹೇಳಿದಂತಾಗುತ್ತಿತ್ತು. ಅವಳು ಹೇಳಲಿಲ್ಲ.

"ಹೌದು," ಎಂದರು ವೋಸ್ ಕೊನೆಗೆ. "ಕಾಣ್ತಿದೆ."

ನೀವೂ ಇಲ್ಲ, ನೀನೂ ಇಲ್ಲ. ಕಾಣ್ತಿದೆ, ಅಷ್ಟೇ.

ಮುಂದಿನ ಪ್ರಶ್ನೆಯನ್ನೂ ಅವರೇ ಕೇಳಿದರು. "ಹಾಗಾದ್ರೆ ಶುಕ್ರವಾರ, ಎಲ್ಲ ಮುಚ್ಚಿದ ಮೇಲೆ, ಕೊನೆಗೆ ಮುಚ್ಚೋದು ಯಾವ ಕಿಟಕಿ?"

ಕೇಳುವ ಮೊದಲೇ ಗೆಸೀನೆಗೆ ಉತ್ತರ ಗೊತ್ತಾಗಿತ್ತು. ಪರದೆಯ ಎಡ ಮೂಲೆಯಲ್ಲಿ ಅಂಗೈಯಗಲದ ಒಂದು ಕಿಟಕಿ, ಅದರಲ್ಲಿ ಹಿಡನ್‌ಜೇ ದ್ವೀಪದ ದೋಣಿದಾರಿಯ ನೀರಿನ ಮಟ್ಟದ ಅಂಕಿಗಳು ಒಂದರ ಕೆಳಗೊಂದು ಮೂಡುತ್ತಿದ್ದವು. ಸೋಮವಾರ ಬಂದ ಕೂಡಲೇ ಮೊದಲು ತೆರೆಯುವುದು ಅದು. ಶುಕ್ರವಾರ ಎಲ್ಲಕ್ಕಿಂತ ಕೊನೆಗೆ ಮುಚ್ಚುವುದೂ ಅದು. ಅದರಲ್ಲಿ ಅವಳು ಬರೆಯುತ್ತಿದ್ದದ್ದು ಒಂದೇ ಸಾಲು. ಅದೇ ಸಾಲು ವಾರವಾರವೂ ಇಬ್ಬರ ಕೆಲಸದ ಮೇಲೆ ಕೂತು ಬರುತ್ತಿತ್ತು.

ಆ ನೀರು ನೋಡುವುದು ಅವಳ ಕೆಲಸದ ಭಾಗವಾಗಿರಲಿಲ್ಲ. ಅವಳ ಗಂಡ ಮಾಲ್ಟೆ ದ್ವೀಪಕ್ಕೆ ಹೋಗುವ ದೋಣಿ ನಡೆಸುತ್ತಿದ್ದ. ನೈರುತ್ಯದ ಗಾಳಿ ಬೀಸಿತೆಂದರೆ ಆ ದಾರಿಯ ನೀರು ಇಳಿದುಬಿಡುತ್ತದೆ, ದೋಣಿ ದ್ವೀಪದಲ್ಲೇ ಉಳಿಯುತ್ತದೆ. ಅವನು ರಾತ್ರಿಯೂಟಕ್ಕೆ ಬರುತ್ತಾನೋ ಇಲ್ಲವೋ ಎಂಬುದು ಅವನು ಫೋನು ಮಾಡುವ ಮೊದಲೇ ಅವಳಿಗೆ ತಿಳಿದಿರುತ್ತಿತ್ತು. "ಆಲೂಗಡ್ಡೆ ಎಷ್ಟು ಬೇಯಿಸಲಿ ಅಂತ ಸಮುದ್ರವನ್ನು ಕೇಳುವ ಹೆಂಡತಿ" ಎಂದು ಅವನು ಊರಿಡೀ ಹೇಳಿಕೊಂಡು ತಿರುಗುತ್ತಿದ್ದ. ಅವನು ಸತ್ತದ್ದು ನೀರಿನಲ್ಲಲ್ಲ. ರಜೆಯ ದಿನ, ಸೋಫಾದ ಮೇಲೆ, ಬೂಟಿನ ದಾರ ಕಟ್ಟಿಕೊಳ್ಳುತ್ತ ಹೋದ. ಅದಾಗಿ ಕೆಲವು ಚಳಿಗಾಲಗಳು ಕಳೆದವು. ಕಿಟಕಿ ತೆರೆಯುವುದು ನಿಲ್ಲಲಿಲ್ಲ.

ಹಳೆಯ ಸರ್ವರ್‌ನಲ್ಲಿ ಈ ತೊಂದರೆ ಇರಲಿಲ್ಲ. ಅಳಿಸಿ ಬರೆಯಬೇಡ, ಇದ್ದದ್ದರ ಕೆಳಗೆ ಸೇರಿಸು ಎಂದು ಯಾವ ಕಾಲದಲ್ಲೋ ಯಾರೋ ಸೆಟ್ಟಿಂಗಿನಲ್ಲಿ ಒಂದು ಸಾಲು ಹಾಕಿಟ್ಟಿದ್ದರು. ಹೊಸದಕ್ಕೆ ಎಲ್ಲವನ್ನೂ ಸಾಗಿಸುವಾಗ ಆ ಒಂದು ಸಾಲು ಮಾತ್ರ ಹಿಂದೆ ಉಳಿದಿತ್ತು.

"ಈ ಕಿಟಕಿಯಿಂದಾನೇ," ಎಂದಳು ಗೆಸೀನೆ. ಮುಂದಿನ ಮಾತಿಗೆ ಅವಳು ಬೆನ್ನು ಸೆಟೆದು ಕೂತಳು. ಅದನ್ನು ಮುಚ್ಚಿಬಿಟ್ಟರಾಯಿತಲ್ಲ ಎನ್ನುತ್ತಾರೆ. ಯಾರಾದರೂ ಹಾಗೆಯೇ ಎನ್ನುತ್ತಾರೆ. ಅದಕ್ಕೆ ಕೊಡುವ ಉತ್ತರ, ಆ ಉತ್ತರದ ತಣ್ಣನೆಯ ದನಿ, ಎರಡೂ ಅವಳ ನಾಲಿಗೆಯ ಮೇಲೆ ಸಿದ್ಧವಾಗಿದ್ದವು.

ವೋಸ್ ಆ ಪುಟ್ಟ ಕಿಟಕಿಯನ್ನು ಸ್ವಲ್ಪ ಹೊತ್ತು ನೋಡಿದರು. ರೋಸ್ವಿತಾ ಇರುವ ಕಚೇರಿಯಲ್ಲಿ ಅದರ ಕಥೆ ಅವರಿಗೆ ಗೊತ್ತಿಲ್ಲದೆ ಇರುವ ಸಾಧ್ಯತೆ ಇರಲಿಲ್ಲ.

"ಅದು ಇರಲಿ," ಎಂದರು. "ಸೆಟ್ಟಿಂಗಿನಲ್ಲಿ ಒಂದು ಸಾಲು ಹಾಕಿದ್ರೆ ಸಾಕು."

ಸಾಲು ಹಾಕಿದರು. ಕುರ್ಚಿ ಉರುಳಿಸಿಕೊಂಡು ತಮ್ಮ ಕಡೆಗೆ ಹೊರಟುಹೋದರು. ಪರದೆಯ ಮೇಲೆ ಮತ್ತೆ ಹಣೆ, ಕೂದಲಿನ ಸುರುಳಿ. ಸಿದ್ಧವಾಗಿದ್ದ ಉತ್ತರವನ್ನು ಏನು ಮಾಡಬೇಕೆಂದು ಗೊತ್ತಾಗದೆ ಗೆಸೀನೆ ಬಹಳ ಹೊತ್ತು ಹಾಗೇ ಕೂತಿದ್ದಳು.

ಮರುದಿನದಿಂದ ಆ ಕೋಣೆಯಲ್ಲಿ ಒಂದು ವಿಚಿತ್ರ ಭಾಷೆ ಶುರುವಾಯಿತು. "ನೀವು" ಎನ್ನಲು ಈಗ ಇಬ್ಬರಿಗೂ ಸಂಕೋಚ; ಬಿದ್ದುಹೋದದ್ದನ್ನು ಎತ್ತಿ ಮರಳಿ ಕೊಟ್ಟ ಹಾಗೆ. "ನೀನು" ಎನ್ನಲು ಅವರಿಗೆ ಹಕ್ಕಿಲ್ಲ, ಅವಳಿಗೆ ಧೈರ್ಯವಿಲ್ಲ. ಹಾಗಾಗಿ ಕ್ರಿಯಾಪದಗಳ ಬಾಲ ಕತ್ತರಿಸಿ ಮಾತಾಡತೊಡಗಿದರು.

"ಕಾಫಿ ಬೇಕಾ?"

"ಬೇಕು. ಹಾಲು ಇದೆಯಾ?"

"ಇದೆ. ಊಟಕ್ಕೆ ಹೊರಡೋದು ಯಾವಾಗ?"

"ಈ ಫೈಲು ಮುಗಿದ ಮೇಲೆ ಹೊರಡಬಹುದು."

"ಕೋಟು ಹಾಕ್ಕೊಂಡ್ರೆ ಒಳ್ಳೇದು. ಗಾಳಿ ಇದೆ."

ಬುಧವಾರ ಊಟದ ಮೇಜಿನಲ್ಲಿ ರೋಸ್ವಿತಾ ಚಮಚ ಕೆಳಗಿಟ್ಟಳು. "ಇದೇನಿದು, ಇಬ್ಬರೂ ತಂತಿ ಕಳಿಸೋ ಹಾಗೆ ಮಾತಾಡ್ತಿದ್ದೀರಿ? ಒಂದೊಂದು ಪದಕ್ಕೂ ದುಡ್ಡು ಕೊಡ್ಬೇಕಾ?"

"ಸೂಪು ಆರಿಹೋಗತ್ತೆ," ಎಂದಳು ಗೆಸೀನೆ.

"ನನ್ನ ಸೂಪಿನ ಮಾತು ಬಿಡು." ವೋಸ್ ಇನ್ನೊಂದು ಬ್ರೆಡ್ ತರಲು ಎದ್ದು ಹೋಗುವುದನ್ನೇ ಕಾದು ಅವಳು ಮುಂದಕ್ಕೆ ಬಾಗಿದಳು. "ಅವನು ಶುಕ್ರವಾರಕ್ಕೆ ಕಾಯ್ತಿಲ್ಲ ಕಣೇ, ನಿಂಗೆ ಕಾಯ್ತಿದ್ದಾನೆ. ನೀನು ಒಂದು ಮಾತು ಅಂದ್ರೆ ಉಳೀತಾನೆ. ಅಷ್ಟು ಕಷ್ಟಾನಾ ಅದು?"

"ನಿಂಗೆ ಕಷ್ಟ ಆಗ್ಲಿಲ್ವಾ?"

"ನಂಗಾ? ಮೊದಲಿನವನು ಹೋದ ಮೇಲೆ ಎರಡು ವರ್ಷ ಅತ್ತೆ. ಆಮೇಲೆ ಉವೆ ಸಿಕ್ಕಿದ. ಮುಗೀತು."

ಮೊದಲಿನವನು. ರೋಸ್ವಿತಾ ಯಾವಾಗಲೂ ಹಾಗೆಯೇ ಹೇಳುತ್ತಿದ್ದಳು. ಅವನಿಗೊಂದು ಹೆಸರಿತ್ತು, ಗೆಸೀನೆ ಅವನ ಜೊತೆ ಕುಣಿದದ್ದೂ ಇತ್ತು, ಯಾವುದೋ ಹೊಸವರ್ಷದ ದಿನ. ಈಗ ಎಷ್ಟು ಯೋಚಿಸಿದರೂ ಆ ಹೆಸರು ನೆನಪಿಗೆ ಬರಲಿಲ್ಲ. ಅವಳಿಗಿದ್ದ ಭಯ ಇದೊಂದೇ. ಒಂಟಿತನದ ಭಯವಲ್ಲ, ಜನ ಏನೆಂದಾರು ಎಂಬುದಲ್ಲ. ಒಂದು ದಿನ ಯಾರ ಹತ್ತಿರವೋ ಮಾತಾಡುತ್ತ, ಸೂಪು ಕುಡಿಯುತ್ತ, ತನ್ನ ಬಾಯಲ್ಲಿ ಮಾಲ್ಟೆ "ಮೊದಲಿನವನು" ಆಗಿಬಿಟ್ಟರೆ?

ಊಟ ಮುಗಿಸಿ ಬಂದು ಅವಳು ಕಳೆದುಹೋದ ಕಮಾಂಡನ್ನು ಮತ್ತೆ ಕಟ್ಟಲು ಕೂತಳು. ಮತ್ತೆ ಅರ್ಧ ದಿನ ಹೋಗುತ್ತದೆ ಎಂದುಕೊಂಡಿದ್ದಳು. ಬೆರಳುಗಳು ನಿಲ್ಲಲೇ ಇಲ್ಲ. ಎಲ್ಲಿ ತಿರುಗಬೇಕು, ಎಲ್ಲಿ ಆವರಣ ಮುಚ್ಚಬೇಕು, ಎಲ್ಲ ಅವುಗಳಿಗೆ ಗೊತ್ತಿತ್ತು. ಕಾಫಿ ಆರುವ ಮೊದಲೇ ಮುಗಿಯಿತು.

ಗುರುವಾರ ಮಧ್ಯಾಹ್ನ ಹೊರಗೆ ಬೆಳಕು ಇಳಿಯಲು ತೊಡಗಿದಾಗ ವೋಸ್ ಪರದೆಗಳ ಸಂದಿಯಿಂದ ಇಣುಕಿದರು.

"ಆ ಪುಟ್ಟ ಕಿಟಕಿಗೆ ಹೊಸ ನಿಯಮ ಇನ್ನೂ ಗೊತ್ತಿಲ್ಲ."

"ಅಂದ್ರೆ?"

"ಸಾಲು ಹಾಕೋ ಮೊದಲೇ ಅದು ತೆರೆದಿತ್ತಲ್ಲ. ತೆರೆಯುವಾಗ ಏನು ಕೇಳಿಸ್ಕೊಂಡಿತ್ತೋ ಅದನ್ನೇ ನಂಬ್ಕೊಂಡು ಕೂತಿದೆ. ನಾಳೆ ಸಂಜೆ ಮುಚ್ಚಿದಾಗ ಈ ವಾರದ್ದನ್ನೂ ಒರೆಸಿಬಿಡತ್ತೆ." ಅವರು ಒಂದು ಕ್ಷಣ ತಡೆದರು. "ಅದರೊಳಗೇ ಹೋಗಿ ಹೇಳ್ಬೇಕು. ಓಡ್ತಿರೋದನ್ನ ಒಂದು ಸಲ ನಿಲ್ಲಿಸಿ, ಸಾಲು ಬರೆದು, ಮತ್ತೆ ಓಡಿಸ್ಬೇಕು. ಬೇರೆಯವರು ಮಾಡೋ ಕೆಲಸ ಅಲ್ಲ ಅದು."

ಅವಳ ಕಣ್ಣು ಪುಟ್ಟ ಕಿಟಕಿಯ ಕಡೆಗೆ ಹೋಯಿತು.

"ನಾನು ಕಾಫಿ ತರ್ತೀನಿ," ಎಂದು ಅವರು ಎರಡೂ ಕಪ್ಪು ಎತ್ತಿಕೊಂಡರು. "ಮೆಷಿನ್ ಇವತ್ತು ಬಹಳ ನಿಧಾನ."

ಕಾಫಿ ಮೆಷಿನ್ ಯಾವತ್ತೂ ನಿಧಾನವಾಗಿರಲಿಲ್ಲ. ಬಾಗಿಲು ಹೊರಗಿನಿಂದ ಮೆತ್ತಗೆ ಮುಚ್ಚಿಕೊಂಡಿತು.

ಗೆಸೀನೆ ಪುಟ್ಟ ಕಿಟಕಿಯ ಮೇಲೆ ಕ್ಲಿಕ್ ಮಾಡಿದಳು. ಅಂಕಿಗಳು ಮೂಡುತ್ತಲೇ ಇದ್ದವು. ಗಾಳಿ ನೈರುತ್ಯ ಬಿಟ್ಟು ತಿರುಗಿತ್ತು, ನೀರು ಸಾಕಷ್ಟಿತ್ತು, ಇವತ್ತು ಎಲ್ಲ ದೋಣಿಗಳೂ ಮನೆಗೆ ಬರುತ್ತವೆ. ಅವಳು ಎರಡು ಕೀಗಳನ್ನು ಒಟ್ಟಿಗೆ ಒತ್ತಿದಳು.

ಅಂಕಿಗಳು ನಿಂತವು.

ಕೆಲಸದ ವಾರದ ನಡುವೆ ಅವು ನಿಂತದ್ದನ್ನು ಅವಳು ನೋಡಿಯೇ ಇರಲಿಲ್ಲ. ಏನಾದರೂ ಆಗುತ್ತದೆಂದು ಕಾದಳು. ಏನೂ ಆಗಲಿಲ್ಲ. ಹೊರಗೆ ಕಡಲಹಕ್ಕಿಯೊಂದು ಎಂದಿನ ಹಾಗೆ ಜಗಳಕ್ಕೆ ಬಂದ ದನಿಯಲ್ಲಿ ಕೂಗಿತು. ಖಾಲಿ ಸಾಲಿನ ತುದಿಯಲ್ಲಿ ಕರ್ಸರ್ ಮಿಟುಕಿಸುತ್ತ ಅವಳ ಮಾತಿಗೆ ಕಾಯುತ್ತಿತ್ತು. ಅಳಿಸಬೇಡ, ಕೆಳಗೆ ಸೇರಿಸು, ಎಂದು ಅದಕ್ಕೆ ಅರ್ಥವಾಗುವ ಭಾಷೆಯಲ್ಲಿ ಬರೆದಳು. ಎಂಟರ್ ಒತ್ತಿದಳು. ಆಮೇಲೆ ನೀರಿನ ಮಟ್ಟ ತೋರಿಸುತ್ತಿರು ಎಂದಳು. ಅಂಕಿಗಳು ಮತ್ತೆ ಮೂಡತೊಡಗಿದವು.

ವೋಸ್ ಬಂದಾಗ ಕಾಫಿ ಆಗಲೇ ಬೆಚ್ಚಗಷ್ಟೇ ಇತ್ತು. ಬಹಳ ಹೊತ್ತು ಹೊರಗೆ ನಿಂತಿದ್ದಿರಬೇಕು.

"ಆಯ್ತಾ?"

"ಆಯ್ತು."

"ಓಡ್ತಿದೆಯಾ?"

"ಓಡ್ತಿದೆ." ಅವಳು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಳು. "ಅವತ್ತು ಪರೀಕ್ಷೇಲಿ ಬರೆದಿದ್ದು ಏನು?"

"ಅದು ಹೋಯ್ತಲ್ಲ."

"ಬರೆದವರಿಗೆ ನೆನಪಿರತ್ತೆ."

ಅವರು ಕಪ್ಪಿನೊಳಗೆ ನೋಡಿಕೊಂಡು ನಕ್ಕರು. ನಗು ಬೇಗ ಮುಗಿಯಿತು. "'ಇಲ್ಲಿಯ ಚಳಿಗಾಲ ಹೇಗಿರತ್ತೆ' ಅಂತ ಬರೆದಿದ್ದೆ. ಪ್ರಶ್ನೆ ಚಿಹ್ನೆ ಹಾಕಿ."

"ಯಂತ್ರಾನ ಕೇಳಿದ್ದಾ?"

"ಯಂತ್ರ ಪಕ್ಕದಲ್ಲಿತ್ತು. ಕೇಳಿದ್ದು ಯಂತ್ರಾನ ಅಲ್ಲ."

ಅವಳ ಕೈಯಲ್ಲಿದ್ದ ಕಪ್ಪು ಎಲ್ಲೂ ಹೋಗಲಿಲ್ಲ, ಬಾಯಿಗೂ ಹೋಗಲಿಲ್ಲ, ಮೇಜಿಗೂ ಬರಲಿಲ್ಲ.

"ಕುಕ್ಸ್‌ಹಾಫನ್‌ನಲ್ಲೂ ಸಮುದ್ರ ಇದೆ," ಎಂದರು ವೋಸ್. ಈ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ಒಳ್ಳೆ ಮನೆ ಇದೆ. ಸಮುದ್ರಕ್ಕೋಸ್ಕರ ನಾನು ಊರು ಬದಲಾಯಿಸೋ ಅಗತ್ಯ ಇಲ್ಲ. ನಾಳೆ ಅರ್ಜಿ ಹಾಕಬೇಕು ಅಂದ್ರೆ ಬೇರೆ ಕಾರಣ ಬೇಕು. ಕಾರಣ ಇಲ್ಲ ಅಂದ್ರೂ ಬೇಜಾರಿಲ್ಲ. ಗೊತ್ತಾದ್ರೆ ಸಾಕು."

ಈಗ ಹೇಳಬೇಕಿತ್ತು. ಅವಳಿಗೆ ಅದು ಗೊತ್ತಿತ್ತು. ಬಾಯಿ ತೆರೆದಳು.

"ಚಳಿಗಾಲದಲ್ಲಿ," ಎಂದಳು, "ಗಾಳಿ ಜಾಸ್ತಿ."

"ಗಾಳಿ ಅಭ್ಯಾಸ ಇದೆ," ಎಂದರು ಅವರು. ಸ್ವಲ್ಪ ಹೊತ್ತು ಕಾದರು. ಆಮೇಲೆ ತಮ್ಮ ಕಡೆಗೆ ಹೋಗಿ ಕೂತರು. ಹಣೆಯನ್ನು ನೋಡಿ ಅವಳು ತಿಳಿದುಕೊಂಡಳು: ಓದುತ್ತಿಲ್ಲ, ಲೆಕ್ಕವನ್ನೂ ಮಾಡುತ್ತಿಲ್ಲ.

ಸಂಜೆ ಅವಳು ಬಂದರಿನ ದಾರಿ ಹಿಡಿದು ನಡೆದೇ ಮನೆಗೆ ಹೋದಳು. ದ್ವೀಪದ ದೋಣಿ ದಡಕ್ಕೆ ಬಂದು ಹಗ್ಗ ಎಸೆಯುತ್ತಿತ್ತು. ಈಗಿನ ಚಾಲಕ ಅವಳನ್ನು ಕಂಡು ಟೋಪಿಗೆ ಬೆರಳು ಮುಟ್ಟಿಸಿದ. ಅವಳೂ ಕೈ ಎತ್ತಿದಳು. ಜನ ಇಳಿದರು, ಒಂದು ನಾಯಿ ಇಳಿಯಿತು, ಕೊನೆಗೆ ಒಬ್ಬಾಕೆ ಸೈಕಲ್ ಇಳಿಸಿಕೊಂಡು ಯಾರಿಗೋ ಫೋನಿನಲ್ಲಿ "ಬಂದೆ ಬಂದೆ, ಒಲೆ ಹಚ್ಚು" ಎನ್ನುತ್ತ ಹೋದಳು.

ಅಡುಗೆಮನೆಯಲ್ಲಿ ಕೋಟು ಬಿಚ್ಚದೆಯೇ ನಿಂತು ಗೆಸೀನೆ ಒಂದು ಕೆಲಸ ಮಾಡಿದಳು. ಯಾರಾದರೂ ಕಂಡಿದ್ದರೆ ನಾಚಿಕೆಯಾಗುತ್ತಿತ್ತು.

"ಮಾಲ್ಟೆ," ಎಂದಳು ಗಟ್ಟಿಯಾಗಿ.

ಹೆಸರು ಎಂದಿನ ಹಾಗೆ ಬಂತು. ಅದರ ಜೊತೆಗೆ ಅವನ ಒದ್ದೆ ಬೂಟು, ಬೇಕೆಂದೇ ಹಾಡುತ್ತಿದ್ದ ಅಪಶ್ರುತಿ, ಸೋಫಾದ ಮೇಲಿನ ಆ ರಜೆಯ ಬೆಳಿಗ್ಗೆ, ಎಲ್ಲ ಬಂದವು.

ಸ್ವಲ್ಪ ಹೊತ್ತು ಬಿಟ್ಟು, "ಹೆನಿಂಗ್," ಎಂದಳು.

ಈ ಹೆಸರನ್ನು ಅವಳು ಬಾಯಿ ಬಿಟ್ಟು ಹೇಳಿದ್ದು ಇದೇ ಮೊದಲು. ಬಾಯಿಗೆ ಹೊಸದು, ಸ್ವಲ್ಪ ಎಡವಿತು. ಅವನ ಕೆಂಪಾದ ಕಿವಿ ನೆನಪಾಯಿತು, ಆರುತ್ತಿದ್ದ ಕಾಫಿ ಹಿಡಿದು ಬಾಗಿಲಾಚೆ ನಿಂತಿದ್ದವನು ನೆನಪಾದ. ಅವಳು ಕಾದಳು. ಮೊದಲು ಹೇಳಿದ ಹೆಸರನ್ನು ಮನಸ್ಸಿನಲ್ಲಿ ತಡಕಿ ನೋಡಿದಳು. ಅದು ಇತ್ತು. ಬೂಟು, ಹಾಡು, ಬೆಳಿಗ್ಗೆ, ಯಾವುದೂ ಕದಲಿರಲಿಲ್ಲ.

ಅವಳು ಕೋಟು ಬಿಚ್ಚಿ ನೇತುಹಾಕಿದಳು.

ಬ್ರೆಡ್ ಕೊಯ್ಯುತ್ತಿರುವಾಗ ಫೋನು ಬಂತು. ರೋಸ್ವಿತಾ.

"ಅವನು ಇವತ್ತೂ ಹಾಕಿಲ್ವಂತೆ ಕಣೇ. ಮೇಲಿನವರನ್ನ ಕೇಳಿದೆ. ನಾಳೆ ಒಂದೇ ದಿನ ಉಳಿದಿರೋದು. ಏನಾದ್ರೂ ಮಾತಾಡಿದ್ರಾ ಇಬ್ಬರೂ?"

"ಗಾಳಿ ವಿಷಯ ಮಾತಾಡಿದ್ವಿ."

"ಗಾಳಿ ವಿಷಯ! ದೇವರೇ! ನಿಮ್ಮಿಬ್ಬರನ್ನೂ ಒಂದೇ ಚೀಲಕ್ಕೆ ಹಾಕಿ ಕುಲುಕಬೇಕು. ನೀನು ಏನು ಮಾಡ್ತಿದ್ದೀಯ ಈಗ?"

ಇಲ್ಲಿಯವರಲ್ಲಿ "ನೀನು" ಕೊಡಲು ದೊಡ್ಡ ಮಾತೇನೂ ಬೇಕಿಲ್ಲ. ತಿಂಗಳುಗಟ್ಟಲೆ ಎದುರು ಕೂತವರ ಮುಂದೆ ಹೋಗಿ ನಿಂತು, ಇವತ್ತೇ ಮೊದಲು ಕಂಡವರ ಹಾಗೆ ಕೈ ಚಾಚಿ, ತನ್ನ ಹೆಸರು ಹೇಳಿದರೆ ಮುಗಿಯಿತು. ಆಮೇಲೆ ಎದುರಿನವರು ತಮ್ಮ ಹೆಸರು ಹೇಳುತ್ತಾರೆ. ನಾಳೆ ಬೆಳಿಗ್ಗೆ, ಅವನು ಸೈಕಲ್ಲಿನ ಹೆಲ್ಮೆಟ್ ತೆಗೆಯುವ ಮೊದಲೇ, ಪರದೆಗಳನ್ನು ಸುತ್ತಿಕೊಂಡು ಅವನ ಮೇಜಿನ ಬಳಿ ಹೋಗುವುದು. ನಾನು ಗೆಸೀನೆ, ಎನ್ನುವುದು.

"ಗೆಸೀನೆ? ಇದ್ದೀಯಾ? ಏನು ಮಾಡ್ತಿದ್ದೀಯ ಅಂದೆ."

"ಏನಿಲ್ಲ," ಎಂದಳು ಗೆಸೀನೆ, ಬ್ರೆಡ್ಡಿಗೆ ತುದಿಯವರೆಗೂ ಬೆಣ್ಣೆ ಸವರುತ್ತ. "ಊಟ ಮಾಡ್ತಿದ್ದೀನಿ."